ಸಾಲು ತಪ್ಪಿದ ನಾಲ್ಕನೆಯ ಫಲಕ

2018ರ ಫೆಬ್ರವರಿಯ ಒಂದು ಶುಕ್ರವಾರ, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ರಿಯಾದಿನಿಂದ ವಾಯವ್ಯಕ್ಕೆ ಮೂರು ಗಂಟೆ ಕಾರು ಓಡಿಸಿ ಆ ಬಯಲಿಗೆ ಹೋಗಿದ್ದೆ. ಒಳ್ಳೆಯ ಮಳೆ ಬಂದುಹೋದ ವರ್ಷ. ದಾರಿಯ ಬದಿಯಲ್ಲಿ ಪಿಕಪ್ ನಿಲ್ಲಿಸಿಕೊಂಡು ಜನ ರಟ್ಟಿನ ಪೆಟ್ಟಿಗೆಗಳಲ್ಲಿ ನೆಲದೊಳಗಿನ ಅಣಬೆ ಮಾರುತ್ತಿದ್ದರು. ಒಂದು ಕಡೆ ಕಾರು ನಿಲ್ಲಿಸಿ ಕಿಟಕಿ ಇಳಿಸಿದೆ. ಒದ್ದೆ ಮಣ್ಣಿನ ವಾಸನೆ ಒಳಗೆ ಬಂತು. ಏನೂ ಕೊಳ್ಳದೆ ಕಿಟಕಿ ಏರಿಸಿ ಮುಂದೆ ಹೋದೆ. "ಎಂತಾಯ್ತು?" ಎಂದಳು ಹೆಂಡತಿ. "ಎಂತ ಇಲ್ಲ" ಎಂದೆ.

ಬಯಲಿಗೆ ಈಗ ಕಾರು ನಿಲ್ಲಿಸುವ ಜಾಗ, ಕೂರಲು ನೆರಳು ಎಲ್ಲ ಉಂಟು. ಗೇಟಿನಿಂದ ಗುಡ್ಡದ ಬುಡದವರೆಗೆ ಕಲ್ಲು ಹಾಸಿದ ನೇರ ದಾರಿ, ದಾರಿಯ ಎಡಕ್ಕೆ ಏಳು ಫಲಕಗಳು. ಅಲ್ಲಿ ಹಿಂದೆ ನಡೆದ ಕಾಳಗದಲ್ಲಿ ಯಾರು ಎಲ್ಲಿ ಡೇರೆ ಹಾಕಿದ್ದರು, ಯಾವ ಕಡೆಯಿಂದ ಗುಂಡು ಬಂತು, ಯಾರು ಹಿಂದೆ ಸರಿದರು ಎಂದು ಅರಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದದ್ದು. ಮಗಳಿಗೆ ಆಗ ಏಳು ವರ್ಷ. ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಹೋದವಳು ಮೂರು ಮುಗಿಸಿ ನಿಂತಳು. ನಾಲ್ಕನೆಯದು ಉಳಿದವುಗಳ ಸಾಲಿನಲ್ಲಿ ಇರಲಿಲ್ಲ. ಒಂಬತ್ತು ಮೀಟರ್ ಆಚೆ ಒಂದೇ ನಿಂತಿತ್ತು.

"ಪಪ್ಪ, ಇದು ಮಾತ್ರ ಲೈನಲ್ಲಿ ಇಲ್ಲ. ಮಿಸ್ಟೇಕಾ?"

"ಅಲ್ಲಿ ಕೆಳಗೆ ಬಂಡೆ ಸಿಕ್ಕಿತಂತೆ, ಅದಕ್ಕೆ ಆಚೆ ಹಾಕಿದ್ದು" ಎಂದೆ.

ಅದು ಸುಳ್ಳು. ಐದು ವರ್ಷದ ಹಿಂದೆ ಆ ಸುಳ್ಳನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದವನು ನಾನೇ.

2012ರ ಡಿಸೆಂಬರಿನಲ್ಲಿ ನನ್ನನ್ನು ಅಲ್ಲಿಗೆ ಕಳಿಸಿದರು. ನಾನು ಸರ್ವೇಯರ್. ರಿಯಾದಿನಲ್ಲಿ ಬೋರ್ಡು, ಫಲಕಗಳನ್ನು ಮಾಡಿ ನಿಲ್ಲಿಸುವ ಒಂದು ಕಂಪನಿಯಲ್ಲಿ ಕೆಲಸ. ನಕಾಶೆಯಲ್ಲಿ ಎಲ್ಲೆಲ್ಲಿ ಚುಕ್ಕಿ ಉಂಟೋ ನೆಲದ ಮೇಲೆ ಅಲ್ಲಲ್ಲೇ ಗೂಟ ಹೊಡೆದುಕೊಡುವುದು ನನ್ನ ಪಾಲಿನದು. ಆ ಗೂಟ ನೋಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿ ಫಲಕ ಎಬ್ಬಿಸುವುದು ಹಸನಬ್ಬನವರ ಕೆಲಸ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ಐವತ್ತು ದಾಟಿದವರು, ಸೌದಿಗೆ ಬಂದು ಹದಿನೆಂಟು ವರ್ಷ ಆಗಿತ್ತು. ಅಣ್ಣ ಎನ್ನುವ ಹಾಗೆ ನಾನು ಅವರನ್ನು ಹಸನಾಕ ಎಂದು ಕರೆಯುತ್ತಿದ್ದೆ. ನಾನು ಕಟಪಾಡಿಯವ, ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಬಯಲಿನ ಅಂಚಿಗೆ ಒಂದು ತಗಡಿನ ಕ್ಯಾಬಿನ್ ತಂದಿಟ್ಟಿದ್ದರು. ನಾವಿಬ್ಬರು ಅದರಲ್ಲಿ. ಗುಂಡಿ ತೋಡುವ ಮೂವರು ಬಂಗಾಳಿಗಳು ಬೆಳಿಗ್ಗೆ ಹತ್ತಿರದ ಪಟ್ಟಣದಿಂದ ಬಂದು ಸಂಜೆ ಹೋಗುತ್ತಿದ್ದರು. ಚಳಿ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಟ್ಯಾಂಕಿನ ನಲ್ಲಿ ತಿರುಗಿಸಿದರೆ ನೀರು ಬರುತ್ತಿರಲಿಲ್ಲ, ಬಿಸಿಲು ಏರಿದ ಮೇಲೆ ತಾನಾಗಿ ಸುರಿಯಲು ಶುರುಮಾಡುತ್ತಿತ್ತು. ಎಂಟು ಗಂಟೆಯವರೆಗೂ ಮಂಜು. ಯಂತ್ರವನ್ನು ಮೂರು ಕಾಲಿನ ಮೇಲೆ ಕೂರಿಸಿ ಕಣ್ಣಿಟ್ಟರೆ ಬಿಳಿ ಬಿಟ್ಟು ಬೇರೇನೂ ಕಾಣದು.

ಮೊದಲ ದಿನವೇ ಎಂಜಿನಿಯರ್ ಸಾಮಿ ನಮ್ಮಿಬ್ಬರನ್ನೂ ಕಾರಿನ ಬಾನೆಟ್ಟಿನ ಹತ್ತಿರ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿದ. ಈಜಿಪ್ಟಿನವ, ಮೆಲುದನಿಯವ, ವಾರಕ್ಕೆ ಎರಡು ಸಲ ರಿಯಾದಿನಿಂದ ಬರುವವ.

"ಇಲ್ಲಿ ಬೇರೆ ದೇಶದವರ ಜೊತೆ ಯುದ್ಧ ಆದದ್ದಲ್ಲ" ಎಂದ. "ಒಂದೇ ಕಡೆಯಲ್ಲಿದ್ದವರು ಎರಡಾಗಿ ಹೊಡೆದಾಡಿದ್ದು. ಎಂಬತ್ತು ಚಿಲ್ಲರೆ ವರ್ಷ ಆಯಿತು. ಗೆದ್ದವರ ಮೊಮ್ಮಕ್ಕಳೂ ಸೋತವರ ಮೊಮ್ಮಕ್ಕಳೂ ಇದೇ ಪಟ್ಟಣದಲ್ಲಿದ್ದಾರೆ, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟಿದ್ದಾರೆ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ನೀವೂ ಯಾರನ್ನೂ ಕೇಳಬೇಡಿ."

ಮತ್ತೆ ಹೇಳಿದ: "ಸತ್ತವರ ಜೊತೆ ಚಿನ್ನ ಹೂತಿದ್ದಾರೆ ಅಂತ ಜನರಿಗೆ ಒಂದು ಹುಚ್ಚು. ಬಂದು ಅಗೆಯುತ್ತಾರೆ. ಬೇಲಿಯ ಒಳಗೆ ಒಂದು ಹಿಡಿ ಮಣ್ಣು ಸುಮ್ಮನೆ ಅಲುಗಿದರೂ ನನಗೆ ಗೊತ್ತಾಗಬೇಕು. ಹೊರಗಿನವರು ಮಾತ್ರ ಅಂತ ಅಂದುಕೊಳ್ಳಬೇಡಿ."

ಆ ಕೊನೆಯ ಮಾತು ಹೇಳುವಾಗ ಅವನು ನಮ್ಮಿಬ್ಬರಲ್ಲಿ ಯಾರನ್ನೂ ನೋಡಲಿಲ್ಲ. ಆದರೆ ನಾನು ಹಸನಾಕರನ್ನು ನೋಡಿದೆ. ಅವರೂ ನನ್ನನ್ನು ನೋಡಿದರು ಅಂತ ನನಗೆ ಅನಿಸಿತು.

ಆ ಬಯಲೇ ಹಾಗೆ. ಅಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಒಂದು ಕಣ್ಣು. ರಸ್ತೆಯಲ್ಲಿ ಹೋಗುವ ಪಿಕಪ್ ನಮ್ಮ ಬೇಲಿಯ ಹತ್ತಿರ ನಿಧಾನವಾಗುತ್ತಿತ್ತು. ಪೊಲೀಸ್ ಗಾಡಿ ಎರಡು ದಿನಕ್ಕೊಮ್ಮೆ ಬಂದು ನಮ್ಮ ವಾಸದ ಪರವಾನಗಿ ಇಕಾಮಾ ಕೇಳುತ್ತಿತ್ತು, ಅದೇ ಕಾರ್ಡು, ಅದೇ ಮುಖ, ಆದರೂ ತಿರುಗಿಸಿ ತಿರುಗಿಸಿ ನೋಡುವರು. ಒಬ್ಬ ನನ್ನ ಯಂತ್ರದ ಸುತ್ತ ಎರಡು ಸುತ್ತು ಬಂದು, "ಇದರಲ್ಲಿ ನೆಲದ ಒಳಗಿನ ಚಿನ್ನ ಕಾಣುತ್ತದಾ?" ಎಂದು ಕೇಳಿದ. ದೂರ ಅಳೆಯುವ ಯಂತ್ರ ಎಂದು ಹಸನಾಕ ಅರಬಿಯಲ್ಲಿ ವಿವರಿಸಿದರು. ಪೊಲೀಸ್ ನಂಬಲಿಲ್ಲ. ತಾನೇ ಕಣ್ಣಿಟ್ಟು ನೋಡಿ, ಗುಡ್ಡ ಹತ್ತಿರ ಬಂದದ್ದು ಮಾತ್ರ ಕಂಡು ಸುಮ್ಮನಾದ.

ಫಲಕದ ಬರಹ ಕೂಡ ಅಂತಿಮವಾಗುತ್ತಿರಲಿಲ್ಲ. ಸೋತವರನ್ನು ಏನೆಂದು ಕರೆಯಬೇಕು ಎನ್ನುವುದೇ ತಕರಾರು. ಒಮ್ಮೆ 'ದಂಗೆ ಎದ್ದವರು' ಎಂದು ಬಂತು, ಒಮ್ಮೆ 'ದಾರಿ ತಪ್ಪಿದವರು' ಎಂದಾಯಿತು, ಕೊನೆಗೆ 'ಇನ್ನೊಂದು ಕಡೆಯವರು' ಎಂದು ಉಳಿಯಿತು. ಸಾಮಿ ಕಾಗದಗಳನ್ನು ಕಾರಿನಲ್ಲೇ ಬೀಗ ಹಾಕಿ ಇಡುತ್ತಿದ್ದ.

ಬೇಲಿ ಕಾಯಲಿಕ್ಕೆ ಅಲ್ಲಿಯವನೇ ಒಬ್ಬ ಮುದುಕನನ್ನು ಇಟ್ಟಿದ್ದರು. ಅಬು ನಾಯಿಫ್ ಎನ್ನುತ್ತಿದ್ದರು. ಬಿಳಿಗಡ್ಡ, ಒಂದು ಮೊಣಕಾಲು ಸರಿಯಿಲ್ಲ, ಹಳೆಯ ಪಿಕಪ್ಪಿನಲ್ಲಿ ಕೂತು ದಿನವಿಡೀ ನಮ್ಮನ್ನೇ ನೋಡುವುದು. ನಾನು ಎಲ್ಲಿ ಯಂತ್ರ ಇಟ್ಟರೂ ಪಿಕಪ್ಪಿನ ಮೂತಿ ಆ ಕಡೆ ತಿರುಗಿರುತ್ತಿತ್ತು. ಕೈ ಎತ್ತಿದರೆ ಅವನು ಕೈ ಎತ್ತುತ್ತಿರಲಿಲ್ಲ. ಹಸನಾಕ ಮಾತ್ರ ಸಂಜೆಯ ಅಸರ್ ನಮಾಜಿಗೆ ಅವನ ಚಾಪೆಯ ಪಕ್ಕ ನಿಲ್ಲುತ್ತಿದ್ದರು. ನಮಾಜು ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತಾ ಅರಬಿಯಲ್ಲಿ ಮಾತು. ನನಗೆ ಅರಬಿ ಎಂದರೆ ಕೆಲಸಕ್ಕೆ ಬೇಕಾದ ಐವತ್ತು ಶಬ್ದ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಮುದುಕ ಲೋಟ ಮುಂದೆ ಮಾಡುತ್ತಿದ್ದ.

ಜನವರಿಯ ಮಧ್ಯದಲ್ಲಿ ನಾಲ್ಕನೆಯ ಗೂಟ ಜರುಗಿತು.

ಶನಿವಾರ ಏಳೂ ಗೂಟ ಹೊಡೆದಿದ್ದೆ. ಸೋಮವಾರ ಒಮ್ಮೆ ಪರೀಕ್ಷಿಸುವಾಗ ಆರು ಸರಿ ಇದ್ದವು, ನಾಲ್ಕನೆಯದು ಒಂಬತ್ತು ಮೀಟರ್ ಆಚೆ ಇತ್ತು. ಅರ್ಧ ದಿನ ಯಂತ್ರವನ್ನು ಬೈದು, ಲೆಕ್ಕ ಮೂರು ಸಲ ಮಾಡಿ, ನನ್ನದೇ ತಪ್ಪು ಎಂದು ಒಪ್ಪಿಕೊಂಡು ಸರಿಮಾಡಿದೆ. ಸಾಮಿ ಪುಸ್ತಕದಲ್ಲಿ ಏನೋ ಬರೆದುಕೊಂಡ. ಬುಧವಾರ ನೋಡಿದರೆ ಪುನಃ ಅದೇ ಗೂಟ ಆಚೆ. ಈ ಸಲ ಅದರ ಬುಡದಲ್ಲಿ ಮಣ್ಣು ಚೆನ್ನಾಗಿ ಮೆಟ್ಟಿ ಗಟ್ಟಿ ಮಾಡಿದ್ದರು, ಕೆಲಸ ಬಲ್ಲವರು ಮಾಡುವ ಹಾಗೆ.

ಕಟಪಾಡಿಯಲ್ಲಿ ಹೆಂಡತಿ ಎರಡು ತುಂಬಿದ ಮಗಳನ್ನು ಇಟ್ಟುಕೊಂಡು ನನ್ನ ಫ್ಯಾಮಿಲಿ ವೀಸಾಕ್ಕೆ ಕಾಯುತ್ತಿದ್ದಳು. ಸಾಮಿ ಒಳ್ಳೆಯ ಮಾತು ಬರೆದರೆ ಕಂಪನಿ ಆ ವರ್ಷ ಅರ್ಜಿ ಹಾಕುತ್ತಿತ್ತು. ಗೂಟ ಸರಿ ಹೊಡೆಯಲು ಬಾರದ ಸರ್ವೇಯರಿಗೆ ಯಾರು ಬರೆಯುತ್ತಾರೆ? ಅಂದಿನಿಂದ ನಾನು ದಿನಾ ಅಳೆಯಲು ಶುರುಮಾಡಿದೆ. ಗೂಟವನ್ನು ಮಾತ್ರ ಅಲ್ಲ, ಜನರನ್ನೂ.

ನೋಡಲು ಹೊರಟರೆ ಕಾಣುವುದಕ್ಕೆ ಬರ ಇಲ್ಲ. ಮಳೆ ಎರಡು ದಿನ ಜೋರಾಗಿ ಹೊಡೆದು ಬಿಟ್ಟ ಮೇಲೆ ಬೇಲಿಯ ಒಳಗೆ ಅಲ್ಲಲ್ಲಿ ಚಿಕ್ಕ ಗುಂಡಿಗಳು, ಒಂದು ಕೈ ಹೋಗುವಷ್ಟು. ಹಸನಾಕರ ಉಗುರಿನಲ್ಲಿ ಕೆಂಪು ಮಣ್ಣು. ಅವರ ಮಂಚದ ಅಡಿಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಮೊಳ ಉದ್ದದ ಕಬ್ಬಿಣದ ಸರಳು, ತುದಿ ಚಪ್ಪಟೆ ಮಾಡಿದ್ದು. ಕ್ಯಾಬಿನ್ ಒಳಗೆ ಒದ್ದೆ ಮಣ್ಣಿನ ವಾಸನೆ. ಒಂದು ಬೆಳಿಗ್ಗೆ ನಾಲ್ಕನೆಯ ಗೂಟದ ಸುತ್ತ ಬೂಟಿನ ಗುರುತು ಕಂಡೆ. ಹಿಮ್ಮಡಿಯ ಹೊರಬದಿ ಸವೆದದ್ದು. ಕ್ಯಾಬಿನ್ನಿನ ಬಾಗಿಲಲ್ಲಿ ಬಿಟ್ಟಿದ್ದ ಹಸನಾಕರ ಬೂಟು ತಿರುಗಿಸಿ ನೋಡಿದೆ. ಅದೇ.

"ಹಸನಾಕ, ಆ ಮುದುಕನ ಹತ್ತಿರ ದಿನಾ ಎಂತ ಮಾತು?" ಎಂದು ಒಮ್ಮೆ ಕೇಳಿದೆ.

ಅವರು ಕುಚ್ಚಲಕ್ಕಿ ತೊಳೆಯುತ್ತಿದ್ದರು. "ಎಂತ ಇಲ್ಲ ಮಾರಾಯ. ಅವನ ಕುರಿ, ಅವನ ಮೊಣಕಾಲು."

"ಗೂಟ ಯಾರು ಜರುಗಿಸ್ತಾರೆ ಅಂತ ಅವನಿಗೆ ಗೊತ್ತಿರ್ಬೇಕಲ್ಲ. ದಿನವಿಡೀ ಅಲ್ಲೇ ಕೂತಿರ್ತಾನೆ."

ಅವರು ಅಕ್ಕಿಯ ನೀರು ಬಸಿದು ಇನ್ನೊಂದು ನೀರು ಹಾಕಿದರು. "ಕುರಿ ತಾಗಿರ್ಬಹುದು" ಎಂದರು.

ಕುರಿ ತಾಗಿ ಒಂಬತ್ತು ಮೀಟರ್ ಹೋಗುವ ಗೂಟ. ಅವರು ನನ್ನ ಮುಖಕ್ಕೆ ಸುಳ್ಳು ಹೇಳಿದ್ದು ಅದೇ ಮೊದಲು. ಆ ಮೇಲೆ ಅವರು ಬಡಿಸಿದ್ದನ್ನು ಉಣ್ಣುತ್ತಿದ್ದೆ, ಆದರೆ ಮನಸ್ಸಿನಲ್ಲಿ ಒಂದೊಂದಾಗಿ ಸೇರಿಸಿಡುತ್ತಿದ್ದೆ. ಆ ದಿನಗಳಲ್ಲಿ ಸಾರಿನಲ್ಲಿ ಬಟಾಟೆಯ ಹಾಗಿನ ಒಂದು ತುಂಡು ಬರುತ್ತಿತ್ತು, ಮೆತ್ತಗೆ, ಮಾಂಸದ ರುಚಿ. ಎಂತದೆಂದು ಕೇಳಿದರೆ, "ತಿನ್ನು, ಆಮೇಲೆ ಹೇಳ್ತೇನೆ" ಎನ್ನುತ್ತಿದ್ದರು. ಅದರ ಮೇಲೂ ನನಗೆ ಅನುಮಾನ ಬರಲಿಲ್ಲ ಎನ್ನುವುದು ಈಗ ಆಶ್ಚರ್ಯ.

ಒಂದು ವಿಷಯ ಇಲ್ಲಿ ಹೇಳದೆ ಹೋದರೆ ಈ ಬರಹಕ್ಕೆ ಅರ್ಥ ಇಲ್ಲ. ಬಜ್ಪೆ ವಿಮಾನ ನಿಲ್ದಾಣದಲ್ಲಿ ನನ್ನನ್ನು ಬೀಳ್ಕೊಡುವಾಗ ಸೋದರಮಾವ ಕಿವಿಯ ಹತ್ತಿರ ಬಂದು, "ಕೋಣೆಯಲ್ಲಿ ಯಾರಿದ್ದಾರೆ ನೋಡಿಕೊ. ಎಲ್ಲರ ಜೊತೆ ಇರು, ಆದರೆ ಜಾಗ್ರತೆ" ಎಂದಿದ್ದರು. ಯಾರ ಬಗ್ಗೆ ಜಾಗ್ರತೆ ಎಂದು ಅವರು ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಆ ಹೊತ್ತಿಗೆ ಅದು ಹೇಳದೆ ತಿಳಿಯುವ ಮಾತಾಗಿತ್ತು. ಚಾಪೆಯ ಮೇಲೆ ಅಕ್ಕಪಕ್ಕ ಕೂತು ನನಗೆ ಬಾರದ ಭಾಷೆಯಲ್ಲಿ ಮಾತಾಡುತ್ತಿದ್ದ ಆ ಇಬ್ಬರನ್ನು ದೂರದಿಂದ ನೋಡುವಾಗ ಮಾವನ ಮಾತು ನನ್ನ ಒಳಗೆ ಕೆಲಸ ಮಾಡುತ್ತಿತ್ತು. ಹಸನಾಕರ ಜಾಗದಲ್ಲಿ ಕಾಪುವಿನ ಒಬ್ಬ ಶೆಟ್ಟಿಯೋ ಪೂಜಾರಿಯೋ ಇದ್ದಿದ್ದರೆ ನಾನು ನೇರವಾಗಿ, "ಎಂತ ಮಾರಾಯ್ರೆ, ಗೂಟ ಯಾಕೆ ಕೀಳ್ತೀರಿ?" ಎಂದು ಕೇಳಿಬಿಡುತ್ತಿದ್ದೆ. ಅದರಲ್ಲಿ ನನಗೆ ಸಂಶಯ ಇಲ್ಲ.

ಫೆಬ್ರವರಿ ಮೊದಲ ವಾರ ಸಾಮಿ ಬಂದಾಗ ಅವನ ಕಾರಿನಲ್ಲಿ ಕೂತು ಎಲ್ಲ ಹೇಳಿದೆ. ಗುಂಡಿಗಳು, ಸರಳು, ಚೀಲ, ಬೂಟಿನ ಗುರುತು, ಮುದುಕನ ಜೊತೆಗಿನ ಮಾತು. ಚಿನ್ನ ಎಂಬ ಶಬ್ದವನ್ನು ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸಾಮಿಯ ಸಿಗರೇಟು ಕೈಯಲ್ಲೇ ಉರಿದು ಬೂದಿ ಪ್ಯಾಂಟಿನ ಮೇಲೆ ಬಿತ್ತು.

"ನಿನಗೆ ಖಾತ್ರಿಯಾ?" ಎಂದ.

"ನೀವೇ ನೋಡಿ" ಎಂದೆ.

ಅವನು ನೇರ ಕ್ಯಾಬಿನ್ನಿಗೆ ನಡೆದ. ಹಸನಾಕ ಗಂಜಿಗೆ ಇಟ್ಟು ಈರುಳ್ಳಿ ಕತ್ತರಿಸುತ್ತಿದ್ದರು. ಮಂಚದ ಅಡಿಯ ಚೀಲ ತೆಗೆಯಲು ಸಾಮಿ ಹೇಳಿದ. ಅವರು ತೆಗೆದು ನೆಲದ ಮೇಲೆ ಸುರಿದರು. ಮಣ್ಣು ಮೆತ್ತಿದ ಉಂಡೆಗಳು ಉರುಳಿದವು, ಚಿಕ್ಕ ಬಟಾಟೆಯಷ್ಟು ದೊಡ್ಡವು. ಅವುಗಳ ಜೊತೆ ಟಣ್ ಎಂದು ಎರಡು ಹಿತ್ತಾಳೆಯ ಕೊಳವೆ, ಹಳೆಯ ತೋಟೆಯ ಖಾಲಿ ಚಿಪ್ಪುಗಳು.

"ಇದು ಫಗ, ಸಾಹೇಬ್. ತಿನ್ನುವುದು. ನಮ್ಮೂರ ಕಲ್ಲಣಬೆ ಇದ್ದ ಹಾಗೆ" ಎಂದರು ಹಸನಾಕ. "ಅಗೆಯುವಾಗ ಆ ಎರಡು ಸಿಕ್ಕಿದವು. ನಿಮಗೆ ಕೊಡುವ ಅಂತ ಇಟ್ಟಿದ್ದೆ."

ಸಾಮಿ ಅಣಬೆಯನ್ನು ನೋಡಲಿಲ್ಲ. ಚಿಪ್ಪುಗಳನ್ನು ಕರವಸ್ತ್ರದಲ್ಲಿ ಎತ್ತಿಕೊಂಡ. "ಗೂಟ ಜರುಗಿಸಿದ್ದು ನೀನಾ?"

ಹಸನಾಕ ಬಾಗಿಲ ಹೊರಗೆ ಒಮ್ಮೆ ನೋಡಿದರು. ಅಲ್ಲಿ ಮುದುಕನ ಪಿಕಪ್ ನಿಂತಿತ್ತು. "ಹೌದು" ಎಂದರು.

"ಯಾಕೆ?"

ಹಸನಾಕ ಈರುಳ್ಳಿಯ ಚೂರಿ ಪುನಃ ಎತ್ತಿಕೊಂಡರು.

"ಹಸನ್, ಯಾಕೆ ಅಂತ ಕೇಳಿದೆ."

ಅವರು ಚೂರಿ ಕೆಳಗಿಟ್ಟು ಕೈ ಒರೆಸಿಕೊಂಡರು. ಅಷ್ಟೇ. ಆ ಮೌನವೇ ನನಗೆ ಬೇಕಾದ ಸಾಕ್ಷಿ ಎಂದು ಆಗ ಅನಿಸಿತು. ಎದೆಯಲ್ಲಿ ಒಂದು ನೆಮ್ಮದಿಯೂ ಆಯಿತು, ನಾನು ತಪ್ಪು ಅಳೆದದ್ದಲ್ಲ ಎಂದು.

"ಪೊಲೀಸರಿಗೆ ಹೇಳಿದರೆ ಜೈಲು" ಎಂದ ಸಾಮಿ. "ಕಂಪನಿಗೆ ಹೇಳಿ ನಿನಗೆ ಫೈನಲ್ ಎಕ್ಸಿಟ್ ಹಾಕಿಸುತ್ತೇನೆ, ಊರಿಗೆ ಹೋಗಿಬಿಡು. ನಾನು ಮಾಡಬಹುದಾದ ಉಪಕಾರ ಅದೊಂದೇ. ಯಲ್ಲಾ, ನಡಿ, ಬಟ್ಟೆ ಕಟ್ಟಿಕೊ."

ಹದಿನೆಂಟು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಒಂದು ಬ್ಯಾಗಿಗೆ ಹೋಯಿತು. ಆ ರಮ್ಜಾನಿಗೆ ಹೆಂಡತಿ ಐಸಮ್ಮನವರನ್ನು ಉಮ್ರಾಕ್ಕೆ, ಮಕ್ಕಾ ಯಾತ್ರೆಗೆ, ಕರೆಸಬೇಕೆಂದು ಅವರು ಕಾಗದ ಮಾಡಿಸುತ್ತಿದ್ದರು. ಆ ಕಾಗದದ ಕಟ್ಟನ್ನು ಬ್ಯಾಗಿನ ಮೇಲ್ಬದಿಯ ಜೇಬಿಗೆ ಹಾಕಿದ್ದು ಕಂಡೆ. ಕಾರು ಹತ್ತುವ ಮೊದಲು ನನ್ನ ಕಡೆ ತಿರುಗಿ, "ಗಂಜಿ ಒಲೆಯ ಮೇಲುಂಟು. ಅಡಿ ಹಿಡೀತದೆ, ನೋಡಿಕೊ" ಎಂದರು.

ಅಂದೇ ನಾಲ್ಕನೆಯ ಗೂಟವನ್ನು ಅದರ ಸರಿಯಾದ ಜಾಗಕ್ಕೆ ಹೊಡೆದೆ. ಆಮೇಲೆ ಅದು ಜರುಗಲಿಲ್ಲ. ಹಸನಾಕರ ಬದಲಿಗೆ ಬರಬೇಕಾದವನು ಬರಲು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಗುಂಡಿ ತೋಡಿಸಿಡು ಎಂದು ಸಾಮಿ ಹೇಳಿದ್ದ. ಐದನೆಯ ದಿನ ಬೆಳಿಗ್ಗೆ ಬಂಗಾಳಿಗಳನ್ನು ಕರೆದುಕೊಂಡು ನಾಲ್ಕನೆಯ ಜಾಗಕ್ಕೆ ಹೋದೆ. ಅಬು ನಾಯಿಫ್ ಗೂಟದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ.

ಏಳು ಎಂದೆ. ಏಳಲಿಲ್ಲ. ಬಂಗಾಳಿಯೊಬ್ಬ ಗುದ್ದಲಿ ಎತ್ತಿದಾಗ ಮುದುಕ ಅದರ ಹಿಡಿಯ ಮೇಲೆ ಕೈ ಇಟ್ಟ, ಗಟ್ಟಿಯಾಗಿ ಅಲ್ಲ, ಸುಮ್ಮನೆ. ಮೂವರೂ ದೂರ ಹೋಗಿ ನಿಂತರು. ಸ್ಥಳೀಯನ ಜೊತೆ ತಕರಾರು ಯಾರಿಗೆ ಬೇಕು. ನಾನು ಸಾಮಿಗೆ ಫೋನ್ ಮಾಡಲು ಕಿಸೆಗೆ ಕೈ ಹಾಕಿದೆ.

ಆಗ ಮುದುಕ ಬೆರಳಿನಿಂದ ಮಣ್ಣು ಬದಿಗೆ ಸರಿಸಲು ಶುರುಮಾಡಿದ. ಅರ್ಧ ಗೇಣು ಆಳದಲ್ಲಿ ಒಂದು ಒರಟು ಕಲ್ಲು, ನೆಟ್ಟದ್ದು. ಮಂಡಿಯ ಮೇಲೆ ತೆವಳಿ ಸ್ವಲ್ಪ ಆಚೆ ಇನ್ನೊಂದು ಕಡೆ ಸರಿಸಿದ. ಅಲ್ಲೂ ಅಂಥದ್ದೇ ಕಲ್ಲು. ಎರಡರ ನಡುವೆ ಒಂದಾಳು ಉದ್ದ. ನನಗೆ ಅರ್ಥವಾಗಲಿಲ್ಲ ಎಂದು ಅವನಿಗೆ ಅನಿಸಿರಬೇಕು. ನೋಯುವ ಮೊಣಕಾಲನ್ನು ಕೈಯಿಂದ ಮಡಚಿ, ಆ ಎರಡು ಕಲ್ಲುಗಳ ಪಕ್ಕದಲ್ಲಿ ಬಲಮಗ್ಗುಲಾಗಿ ಮಲಗಿದ. ಕೆನ್ನೆ ಮಣ್ಣಿಗೆ ತಾಗಿಸಿ ಕಣ್ಣು ಮುಚ್ಚಿದ. ಮತ್ತೆ ಕಣ್ಣು ತೆರೆದು, ನೆಲವನ್ನು ತಟ್ಟಿ, ಎರಡು ಶಬ್ದ ಹೇಳಿದ. ಅಣ್ಣ ಅಥವಾ ತಮ್ಮ ಎನ್ನುವ ಶಬ್ದ ಗೊತ್ತಿತ್ತು. ಅಜ್ಜ ಎನ್ನುವ ಶಬ್ದವೂ ಗೊತ್ತಿತ್ತು.

ಬಂಗಾಳಿಗಳನ್ನು ಐದನೆಯ ಗುಂಡಿಗೆ ಕಳಿಸಿ, ಹಸನಾಕರಿಗೆ ಫೋನ್ ಮಾಡಿದೆ. ಅವರು ರಿಯಾದಿನ ಕ್ಯಾಂಪಿನಲ್ಲಿ ಎಕ್ಸಿಟ್ ಕಾಗದಕ್ಕೆ ಕಾಯುತ್ತಿದ್ದರು. ಅವರು ಎತ್ತಿದೊಡನೆ ಫೋನನ್ನು ಮುದುಕನ ಕೈಗೆ ಕೊಟ್ಟೆ. ಅವನು ಮಲಗಿದ್ದಲ್ಲಿಂದ ಎದ್ದು ಕೂತು ತುಂಬಾ ಹೊತ್ತು ಮಾತಾಡಿದ, ನಡುನಡುವೆ ತಲೆಯ ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡ. ಮತ್ತೆ ಫೋನ್ ನನಗೆ ಕೊಟ್ಟ.

"ಅವನ ಅಜ್ಜ ಗೆದ್ದವರ ಕಡೆ ಇದ್ದದ್ದು" ಎಂದರು ಹಸನಾಕ. "ಅಜ್ಜನ ತಮ್ಮ ಆಚೆ ಕಡೆ. ಸತ್ತದ್ದು ಆ ತಮ್ಮ. ಎಲ್ಲ ಮುಗಿದ ಮೇಲೆ ಅಣ್ಣನೇ ಬಂದು ಹುಡುಕಿ ಹೂತದ್ದು ಅಲ್ಲಿ. ಪಕ್ಕದಲ್ಲಿ ಇನ್ನೂ ನಾಲ್ಕು ಉಂಟಂತೆ. ಮನೆಯಲ್ಲಿ ಗಂಡಸರಿಗೆ ಮಾತ್ರ ಗೊತ್ತು, ಹೊರಗೆ ಹೇಳುವುದಿಲ್ಲ. ಆ ಕಡೆಯವರ ಪೈಕಿ ಅಂತ ಈಗ ಯಾರೂ ಹೇಳಿಕೊಳ್ಳುವುದಿಲ್ಲ ಮಾರಾಯ. ಮತ್ತೆ ಇಲ್ಲಿ ಗೋರಿಗೆ ಹೆಸರು ಬರೆದು ಇಡುವುದೂ ಇಲ್ಲ. ಆಫೀಸಿಗೆ ಹೇಳಿದ್ರೆ ಎಂತ ಮಾಡ್ತಾರೋ, ಅಗೆದು ತೆಗೀತಾರೋ, ನೆಲಸಮ ಮಾಡ್ತಾರೋ. ಅದಕ್ಕೆ ಕಾವಲುಗಾರನ ಕೆಲಸ ಕೇಳಿ ತೆಗೊಂಡದ್ದು ಅವನು. ಮೊದಲ ಸಲ ಗೂಟ ಕಿತ್ತದ್ದು ಅವನೇ. ನಾನು ಕಂಡೆ. ಮೊಣಕಾಲು ಬಾಗ್ಲಿಕ್ಕೆ ಆಗದೆ ಒದ್ದಾಡ್ತಿದ್ದ. ಆಮೇಲೆ ನಾನು ಮಾಡಿದ್ದು."

"ನನಗೆ ಯಾಕೆ ಹೇಳ್ಲಿಲ್ಲ ಹಸನಾಕ?"

"ನಕಾಶೆಗೆ ಸಹಿ ಹಾಕುವವ ನೀನು. ಗೊತ್ತಿದ್ದು ಹಾಕಿದ್ರೆ ಸುಳ್ಳು ನಿನ್ನ ತಲೆಗೆ. ಗೊತ್ತಿಲ್ಲದೆ ಹಾಕಿದ್ರೆ ನಿನ್ನ ಮೇಲೆ ಎಂತ ಬರುವುದಿಲ್ಲ. ನೀನು ಇಕಾಮಾ ರಿನ್ಯೂ ಮಾಡ್ಲಿಕ್ಕೆ ರಿಯಾದಿಗೆ ಹೋಗುವ ದಿನ ಕಾಂಕ್ರೀಟ್ ಹಾಕಿಬಿಡುವ ಅಂತ ಇತ್ತು. ಕಾಂಕ್ರೀಟ್ ಬಿದ್ದ ಮೇಲೆ ಯಾರು ಅಳೀತಾರೆ? ನೀನು ದಿನಾ ಅಳೀಲಿಕ್ಕೆ ಶುರು ಮಾಡ್ತಿ ಅಂತ ನನಗೆಲ್ಲಿ ಗೊತ್ತು."

ನಾನು ಸಾಮಿಗೆ ಈಗಲೇ ಹೇಳುತ್ತೇನೆ, ನಿಮ್ಮ ಎಕ್ಸಿಟ್ ನಿಲ್ಲಿಸಬಹುದು ಎಂದೆ.

"ಹೇಳ್ಬೇಡ. ನಾನು ಆ ಮುದುಕನಿಗೆ ಮಾತು ಕೊಟ್ಟಿದ್ದೇನೆ. ನೀನು ಹೇಳಿದ್ರೆ ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಎಂತಕ್ಕೆ?"

"ಐಸಮ್ಮನವರ ಉಮ್ರಾ?"

ಕ್ಯಾಂಪಿನಲ್ಲಿ ಯಾರೋ ಬಕೆಟ್ ಎಳೆಯುವ ಸದ್ದು ಕೇಳಿತು. "ಅದು ಆಗುವಾಗ ಆಗ್ತದೆ" ಎಂದು ಫೋನ್ ಇಟ್ಟರು.

ಸಾಮಿಗೆ ಅವರ ಬಗ್ಗೆ ಹೇಳಿದವನು ನಾನು ಎಂದು ಆ ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಅವರಿಗೆ ಗೊತ್ತೋ ಇಲ್ಲವೋ ಎಂದು ಅಂದಿನಿಂದ ಹೊಸ ಅನುಮಾನ ಒಂದು ಶುರುವಾಯಿತು.

ನಾನು ಮುದುಕನನ್ನು ಕೈ ಹಿಡಿದು ಎಬ್ಬಿಸಿ, ಗೂಟ ಕಿತ್ತು, ಅವನು ಕಾಲಿನಿಂದ ತೋರಿಸಿದ ಕಡೆಗೆ ಹೆಜ್ಜೆ ಹಾಕುತ್ತಾ ಹೋದೆ. ಐದೂ ಗೋರಿಗಳ ಆಚೆ ಖಾಲಿ ನೆಲ ಬಂದಲ್ಲಿ ಗೂಟ ಹೊಡೆದೆ. ಹಸನಾಕ ಹೊಡೆಯುತ್ತಿದ್ದ ಜಾಗದ ತೂತು ಅಲ್ಲೇ ಇತ್ತು. ಸರಿಸಿದ ಮಣ್ಣನ್ನು ಮುದುಕ ಪುನಃ ಆ ಎರಡು ಕಲ್ಲುಗಳ ಮೇಲೆ ಎಳೆದು ಮುಚ್ಚಿದ. ಸಂಜೆ ಕಾಗದ ಬರೆದೆ: ನಾಲ್ಕನೆಯ ಜಾಗದಲ್ಲಿ ಮೇಲ್ಮಟ್ಟದಲ್ಲೇ ಬಂಡೆ ಸಿಕ್ಕಿದೆ, ಫಲಕವನ್ನು ಒಂಬತ್ತು ಮೀಟರ್ ಜರುಗಿಸಬೇಕು. ಕೆಳಗೆ ನನ್ನ ಸಹಿ.

ಸಾಮಿ ಅದನ್ನು ಎರಡು ಸಲ ಓದಿದ. ಆ ಬಯಲಿನಲ್ಲಿ ಬೇರೆಲ್ಲೂ ಮೇಲೆ ಬಂಡೆ ಇಲ್ಲ ಎಂದು ಅವನಿಗೂ ಗೊತ್ತಿತ್ತು. "ಒಂಬತ್ತು ಮೀಟರ್" ಎಂದ. "ಹಸನ್ ಹೊಡೆದಿದ್ದ ಜಾಗ."

"ಹೌದು" ಎಂದೆ.

ಅವನು ಪಿಕಪ್ಪಿನ ಕಡೆ ನೋಡಿದ, ನನ್ನ ಕಡೆ ನೋಡಿದ. ನನ್ನ ಫ್ಯಾಮಿಲಿ ವೀಸಾ ಹೋಯಿತು ಎಂದುಕೊಂಡೆ. ಅವನು ಪೆನ್ನು ತೆಗೆದು ಸಹಿ ಹಾಕಿ ಕಾಗದವನ್ನು ಫೈಲಿನ ಅಡಿಗೆ ಸೇರಿಸಿದ. ಏನು ಅರ್ಥ ಮಾಡಿಕೊಂಡನೋ ಇವತ್ತಿಗೂ ತಿಳಿಯದು. ಆದರೆ ಆ ಮೇಲೆ ಅವನು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮಾರ್ಚಿನಲ್ಲಿ ಕೆಲಸ ಮುಗಿಯಿತು. ವೀಸಾ ಒಂದು ವರ್ಷ ತಡವಾಗಿ ಬಂತು.

2014ರಲ್ಲಿ ರಜೆಗೆ ಊರಿಗೆ ಹೋದಾಗ ಯಾರಿಗೂ ಹೇಳದೆ ಉಪ್ಪಿನಂಗಡಿಯ ಬಸ್ಸು ಹತ್ತಿದೆ. ಹಸನಾಕ ಮನೆಯ ಪಕ್ಕ ಶೆಡ್ಡು ಹಾಕಿ ಸಿಮೆಂಟಿನ ಇಟ್ಟಿಗೆ ಮಾಡುತ್ತಿದ್ದರು. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದರು. ಐಸಮ್ಮ ಚಹಾ ತಂದು ಬಾಗಿಲಿನ ಹತ್ತಿರ ನಿಂತು ನನ್ನ ಮಗಳ ಬಗ್ಗೆ ಕೇಳಿದರು. ಆ ಹೆಂಗಸಿನ ಎದುರು ಲೋಟ ಹಿಡಿದು ಕೂರುವುದು ಕಷ್ಟವಾಯಿತು. ಅವರು ಒಳಗೆ ಹೋದ ಮೇಲೆ ಹೇಳಿದೆ.

"ಹಸನಾಕ, ಸಾಮಿಗೆ ಹೇಳಿದ್ದು ನಾನು."

"ಗೊತ್ತುಂಟು" ಎಂದರು. "ಕಾರಲ್ಲಿ ಹೋಗುವಾಗ ಅವನೇ ಹೇಳಿದ. ನಿನ್ನ ಊರಿನವನೇ ಹೇಳಿದ್ದು ಅಂತ."

ಅಂದರೆ ಅಂದು ಫೋನಿನಲ್ಲಿ ನನಗೆ ಅಷ್ಟೆಲ್ಲ ವಿವರಿಸುವಾಗಲೂ ಅವರಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿ ಕೂತೆ.

"ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ" ಎಂದರು ಅವರು, ಬೆರಳಿಗೆ ಅಂಟಿದ ಸಿಮೆಂಟು ಕೆರೆಯುತ್ತಾ. "ನಿನ್ನ ಕೆಲಸ ನೀನು ನೋಡಿಕೊಂಡೆ. ಎರಡು ತಿಂಗಳು ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡವ. ಒಮ್ಮೆ ನೇರ ಕೇಳ್ಲಿಲ್ಲ ನೋಡು, ಹಸನಾಕ ನೀವು ಕಳ್ಳರಾ ಅಂತ. ಅದು ಬೇಜಾರು."

"ಕೇಳಿದ್ರೆ ಹೇಳ್ತಿದ್ರಾ?"

"ಕಳ್ಳ ಅಲ್ಲ ಅಂತ ಹೇಳ್ತಿದ್ದೆ. ಅಷ್ಟು ಸಾಕಾಗ್ತಿರ್ಲಿಲ್ವಾ ನಿನಗೆ?"

ಸಾಕಾಗುತ್ತಿತ್ತೇ ಎಂದು ನನಗೇ ಖಾತ್ರಿ ಇರಲಿಲ್ಲ. ಫಲಕ ಎಲ್ಲಿ ನಿಂತಿತು ಎಂದು ಅವರು ಕೇಳಿದರು. ನೀವು ಗೂಟ ಹೊಡೆದಿದ್ದಲ್ಲೇ ಎಂದೆ. ಅವರು ತಲೆಯಾಡಿಸಿ ಎದ್ದರು. ಊಟಕ್ಕೆ ನಿಲ್ಲು ಎನ್ನಲಿಲ್ಲ. ಗೇಟಿನವರೆಗೆ ಬಂದ ಮೇಲೆ, "ಇನ್ನು ಬರುವಾಗ ಫೋನ್ ಮಾಡಿ ಬಾ" ಎಂದು ಇಟ್ಟಿಗೆಯ ಶೆಡ್ಡಿಗೆ ತಿರುಗಿದರು.

ಆ ಮಾತು ಬಾ ಎಂದೋ, ಹೀಗೆ ಬರಬೇಡ ಎಂದೋ, ಬಸ್ಸಿನಲ್ಲಿ ಕೂತು ಕಟಪಾಡಿಯವರೆಗೂ ತಿರುಗಿಸಿ ತಿರುಗಿಸಿ ನೋಡಿದೆ. ಗೊತ್ತಾಗಲಿಲ್ಲ. ಸೌದಿಗೆ ಹಿಂದೆ ಬಂದ ಮೇಲೂ ಎರಡು ವರ್ಷ ಅದನ್ನೇ ಯೋಚಿಸುತ್ತಿದ್ದೆ. ಮುಂದಿನ ರಜೆಯಲ್ಲಿ, ಊರಿಗೆ ಹೋದ ನಾಲ್ಕನೆಯ ದಿನ, ಧೈರ್ಯ ಮಾಡಿ ಫೋನ್ ಹಚ್ಚಿದೆ.

"ಹಸನಾಕ, ನಾನು ವಾಸು. ನಾಳೆ ಬರುವ ಅಂತ ಇದ್ದೇನೆ."

"ಒಬ್ಬನೇ ಬರ್ತಿಯಾ, ಹೆಂಡತಿ ಮಗಳೂ ಬರ್ತಾರಾ?" ಎಂದು ಕೇಳಿದರು. "ಸರಿ ಹೇಳು. ಮೀನು ಎಷ್ಟು ತರ್ಬೇಕು ಅಂತ ಐಸಮ್ಮ ಕೇಳ್ತಿದ್ದಾಳೆ."